ಮನೆಯನ್ನು ಕ್ರಮಪಡಿಸಿಕೋ: ತಂದೆತಾಯಿಯ ಮುಪ್ಪು ಮತ್ತು ನಮ್ಮ ವಿಶ್ವಾಸ

ಯೌವನಸ್ಥರ ಸತ್ಯವೇದ ಅಧ್ಯಯನ
ಓದಬೇಕಾದ ಭಾಗಗಳು: ಮಾರ್ಕ 7:9-13, ಯೋಹಾನ 19:25-27, 1 ತಿಮೊಥೆಯ 5:3-16, ಆದಿಕಾಂಡ 27, 1 ಅರಸುಗಳು 1

ಎಲ್ಲರೂ ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿ. ಇವತ್ತು ಒಂದು ಪೆನ್ನು, ಒಂದು ಪೇಪರ್ ಕೂಡ ಬೇಕು. ಯಾಕೆಂದರೆ ಇವತ್ತಿನ ಪಾಠದಲ್ಲಿ ಮನೆಗೆ ಹೋಗಿ ಮಾಡೋ ಕೆಲಸ ಇದೆ.

ಮೊದಲು ನನ್ನ ತಪ್ಪನ್ನು ಹೇಳಿ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ಒಂದು ಮಂಗಳವಾರ ರಾತ್ರಿ ನಮ್ಮ ಅಪ್ಪನಿಗೆ ಸ್ಟ್ರೋಕ್ ಆಯ್ತು. ಬಲಗಡೆ ಕೈ ಕಾಲು ಬಿದ್ದುಹೋಯ್ತು, ಮಾತು ನಿಂತುಹೋಯ್ತು. ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿ ಅಂದರು. ಅಪ್ಪನ ಹೆಸರಲ್ಲಿ ಎಫ್‌ಡಿ ಇತ್ತು, ಉಳಿತಾಯ ಖಾತೆಯಲ್ಲೂ ಹಣ ಇತ್ತು. ನಾನು ಬೆಳಿಗ್ಗೆ ಬ್ಯಾಂಕಿಗೆ ಓಡಿದೆ. "ಸಹಿ ಬೇಕು ಸರ್, ಖಾತೆ ಅವರೊಬ್ಬರ ಹೆಸರಲ್ಲೇ ಇದೆ" ಅಂದರು. ಮಗ ಅಂತ ಹೇಳಿದೆ, ಆಧಾರ್ ತೋರಿಸಿದೆ, ಬೇಡಿಕೊಂಡೆ. ಆಗಲಿಲ್ಲ. ಹಣ ಇತ್ತು, ಮುಟ್ಟೋಕೆ ಆಗಲಿಲ್ಲ. ಆಫೀಸ್ ಗೆಳೆಯರ ಹತ್ತಿರ ಸಾಲ ಮಾಡಿ ಕಟ್ಟಿದೆ.

ಸಂಜೆ ಅಮ್ಮನನ್ನು ಕೇಳಿದೆ, "ಅಮ್ಮಾ, ಅಪ್ಪನ ಇನ್ಶೂರೆನ್ಸ್ ಪೇಪರ್ ಎಲ್ಲಿದೆ?" ಅಮ್ಮ ಅಂದರು, "ನಂಗೇನಪ್ಪ ಗೊತ್ತು? ಅವರೇ ಎಲ್ಲ ನೋಡ್ಕೋತಿದ್ರು." ಮೂರು ದಿನ ಬೀರು ಹುಡುಕಿದ್ವಿ. ಹಳೇ ಸೀರೆಗಳ ಕೆಳಗೆ ಸಿಕ್ತು.

ಪ್ರಿಯರೇ, ಹಿಜ್ಕೀಯನ ಬಗ್ಗೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. 2 ಅರಸುಗಳು 20ರಲ್ಲಿ ಪ್ರವಾದಿ ಯೆಶಾಯನು ಬಂದು ಅವನಿಗೆ ಹೇಳಿದ ಮೊದಲ ಮಾತೇ ಮನೆಯ ವ್ಯವಸ್ಥೆ ಮಾಡಿಕೋ ಅನ್ನೋದು. ನಾನು ಯಾವಾಗಲೂ ಅದನ್ನು ದಾಟಿ, ಅವನು ಗೋಡೆ ಕಡೆ ತಿರುಗಿ ಅತ್ತದ್ದು, ಆಯಸ್ಸಿಗೆ 15 ವರ್ಷ ಸೇರಿದ್ದು, ಅಲ್ಲಿಗೆ ಓಡ್ತಿದ್ದೆ. ಮನೆಯ ವ್ಯವಸ್ಥೆ ಅನ್ನೋ ಮಾತಿನ ಹತ್ತಿರ ಒಂದು ದಿನವೂ ನಿಂತಿರಲಿಲ್ಲ.

ದೇವರ ಕೃಪೆ, ಅಪ್ಪ ಬದುಕಿದರು. ಈಗ ಕೋಲು ಹಿಡಿದು ನಡೀತಾರೆ, ಅರ್ಧಂಬರ್ಧ ಮಾತಾಡ್ತಾರೆ. ಆದರೆ 11 ತಿಂಗಳು ಅವರನ್ನು ಎತ್ತಲು, ಸ್ನಾನ ಮಾಡಿಸಲು ಮನೆಗೆ ಒಬ್ಬ ಅಟೆಂಡರ್ ಬೇಕಾಯ್ತು. ಆಸ್ಪತ್ರೆ ಬಿಲ್ಲಿನ ಬಹುಪಾಲನ್ನು ಇನ್ಶೂರೆನ್ಸ್ ಕೊಟ್ಟಿತು. ಅಟೆಂಡರ್ ಸಂಬಳಕ್ಕೆ ಒಂದು ರೂಪಾಯಿ ಕೊಡಲಿಲ್ಲ. ಆಗಲೇ ನಾನು ಕಲಿತದ್ದು: ಕಾಯಿಲೆಯ ಖರ್ಚು ಬೇರೆ, ಆರೈಕೆಯ ಖರ್ಚು ಬೇರೆ.

1. ಸತ್ಯವೇದ ಏನು ಕಲಿಸುತ್ತೆ?

ಮೊದಲನೆಯದಾಗಿ ಕೊರ್ಬಾನ್. ಮಾರ್ಕ 7ರಲ್ಲಿ ಕರ್ತನು ಫರಿಸಾಯರನ್ನು ಗದರಿಸುತ್ತಾನೆ. ಏನು ವಿಷಯ? ಒಬ್ಬ ಮಗ ತನ್ನ ತಂದೆತಾಯಿಗೆ, "ನನ್ನಿಂದ ನಿಮಗೆ ಆಗಬೇಕಾಗಿದ್ದ ಸಹಾಯವನ್ನು ದೇವರಿಗೆ ಮೀಸಲಿಟ್ಟಿದ್ದೇನೆ" ಅಂದುಬಿಟ್ಟರೆ, ಅವನು ಅವರಿಗೆ ಏನೂ ಮಾಡಬೇಕಾಗಿಲ್ಲ ಅನ್ನೋ ಸಂಪ್ರದಾಯ. ಮೇಲ್ನೋಟಕ್ಕೆ ಭಕ್ತಿ, ಒಳಗೆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋದು. ಯೇಸು ಏನಂದ? ಇದು ದೇವರ ಮಾತನ್ನೇ ಇಲ್ಲದಂತೆ ಮಾಡೋದು ಅಂದ. ನಾನು ಈ ವೇದಿಕೆ ಮೇಲೆ ನಿಂತು ದಶಮಾಂಶದ ಬಗ್ಗೆ, ಕಾಣಿಕೆ ಬಗ್ಗೆ ಕಲಿಸಿದ್ದೀನಿ, ಮುಂದೆಯೂ ಕಲಿಸ್ತೀನಿ. ಆದರೆ ಸಭೆಯ ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟು, ಊರಲ್ಲಿ ಅಮ್ಮನ ಬಿಪಿ ಮಾತ್ರೆಗೆ ಹಣ ಕಳಿಸದಿದ್ದರೆ ಅದು ಕೊರ್ಬಾನ್. ಇದನ್ನು ಹೇಳೋಕೆ ನನಗೆ ಭಯ ಇಲ್ಲ. ಆಮೆನ್ ಹೇಳ್ತೀರಾ?

ಎರಡನೆಯದಾಗಿ ಶಿಲುಬೆ. ಯೋಹಾನ 19 ನೋಡಿ. ಕರ್ತನು ಲೋಕದ ಪಾಪವನ್ನು ಹೊತ್ತು ತೂಗ್ತಿದ್ದಾನೆ. ಉಸಿರಾಡೋದೇ ಕಷ್ಟ. ಆ ಗಳಿಗೆಯಲ್ಲಿ ತಾಯಿಯನ್ನು ನೋಡಿ, ಪಕ್ಕದಲ್ಲಿದ್ದ ಶಿಷ್ಯನನ್ನು ನೋಡಿ, ಆಕೆಯ ಮುಂದಿನ ಬದುಕಿಗೆ ವ್ಯವಸ್ಥೆ ಮಾಡ್ತಾನೆ. ಗಮನಿಸಿ, "ಯಾರಾದರೂ ನೋಡ್ಕೋತಾರೆ" ಅಂತ ಬಿಡಲಿಲ್ಲ. ಒಬ್ಬ ವ್ಯಕ್ತಿಯನ್ನು ತೋರಿಸಿದ. ಇಬ್ಬರಿಗೂ ಹೇಳಿದ, ತಾಯಿಗೂ ಶಿಷ್ಯನಿಗೂ. ಬೇರೆಯವರು ನಿಂತು ಕೇಳ್ತಿದ್ದಾಗಲೇ ಹೇಳಿದ. ಆ ಹೊತ್ತಿನಿಂದಲೇ ಆಕೆ ಆ ಮನೆಗೆ ಸೇರಿದಳು. ಒಳ್ಳೆಯ ವ್ಯವಸ್ಥೆ ಅಂದರೆ ಇದು: ಯಾರು, ಯಾರಿಗೆ, ಯಾವಾಗಿಂದ ಅನ್ನೋದು ಸ್ಪಷ್ಟ.

ಮೂರನೆಯದಾಗಿ ಪೌಲನು. 1 ತಿಮೊಥೆಯ 5ರಲ್ಲಿ ಮಕ್ಕಳು ಮೊಮ್ಮಕ್ಕಳು ಮೊದಲು ತಮ್ಮ ಮನೆಯಲ್ಲೇ ಭಕ್ತಿಯನ್ನು ಅಭ್ಯಾಸ ಮಾಡಲಿ, ಹೆತ್ತವರ ಋಣ ತೀರಿಸಲಿ ಅಂತಾನೆ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಅಲ್ಲಗಳೆದವನು ಅಂತಾನೆ. ಕೀರ್ತನೆ 71ರಲ್ಲಿ ಮುಪ್ಪಿನಲ್ಲಿ ಕೈಬಿಡಬೇಡ ಅಂತ ಭಕ್ತನು ದೇವರಿಗೆ ಮೊರೆಯಿಡ್ತಾನೆ. ಆ ಮೊರೆಗೆ ದೇವರು ಕೊಡೋ ಉತ್ತರದಲ್ಲಿ ನಿಮ್ಮ ಎರಡು ಕೈಗಳೂ ಸೇರಿವೆ.

2. ವ್ಯವಸ್ಥೆ ಇಲ್ಲದ ಎರಡು ಮನೆಗಳು

ಇಸಾಕನ ಮನೆ. ಆದಿಕಾಂಡ 27. ಕಣ್ಣು ಮಂಜಾಗಿದೆ. ಸಾಯುವ ದಿನ ಗೊತ್ತಿಲ್ಲ ಅಂತ ಅವಸರದಲ್ಲಿ ಒಬ್ಬ ಮಗನನ್ನು ಮಾತ್ರ ಗುಟ್ಟಾಗಿ ಕರೀತಾನೆ. ಇನ್ನೊಬ್ಬ ಮಗ ಮೇಕೆ ಚರ್ಮ ಸುತ್ತಿಕೊಂಡು ಬರ್ತಾನೆ. ನೋಡಲಾಗದ ಮುದುಕ ಮುಟ್ಟಿ, ಮೂಸಿ ತೀರ್ಮಾನ ಮಾಡ್ತಾನೆ. ಮನೆ ಒಡೀತು. ಯಾಕೋಬ ಓಡಿಹೋದ. ರೆಬೆಕ್ಕಳು ತನ್ನ ಮುದ್ದಿನ ಮಗನನ್ನು ಮತ್ತೆ ನೋಡಿದಳು ಅಂತ ಬೈಬಲ್‌ನಲ್ಲಿ ಎಲ್ಲೂ ಬರೆದಿಲ್ಲ. ಇನ್ನೊಂದು ವಿಷಯ ಗಮನಿಸಿ. ಈಗಲೋ ಆಗಲೋ ಸಾಯ್ತೀನಿ ಅಂದ ಇಸಾಕ ಸಾಯಲಿಲ್ಲ. ಯಾಕೋಬ ಲಾಬಾನನ ಮನೆಯಲ್ಲಿ 20 ವರ್ಷ ದುಡಿದು ವಾಪಸ್ ಬಂದಾಗಲೂ ಬದುಕಿದ್ದ. ಅಷ್ಟೂ ವರ್ಷ ಕಣ್ಣು ಕಾಣದ ಅವನಿಗೆ ಯಾರೋ ಊಟ ಕೊಟ್ಟಿರಬೇಕು, ಕೈ ಹಿಡಿದು ನಡೆಸಿರಬೇಕು. ನಾವು ಸಾವಿಗೆ ಮಾತ್ರ ತಯಾರಾಗ್ತೀವಿ. ದೀರ್ಘವಾದ ಮುಪ್ಪಿಗೆ ತಯಾರಾಗೋದಿಲ್ಲ.

ದಾವೀದನ ಮನೆ. 1 ಅರಸುಗಳು 1. ಎಷ್ಟು ಹೊದಿಸಿದರೂ ಅರಸನ ಮೈ ಬೆಚ್ಚಗಾಗ್ತಿಲ್ಲ. ಆರೈಕೆಗೆ ಅಬೀಷಗ್ ಅನ್ನೋ ಹುಡುಗಿಯನ್ನು ಕರ್ಕೊಂಡು ಬರ್ತಾರೆ. ಆರೈಕೆ ಇತ್ತು. ಆದರೆ ಸಿಂಹಾಸನ ಯಾರಿಗೆ ಅನ್ನೋದನ್ನು ಬಹಿರಂಗವಾಗಿ ತಿಳಿಸಿರಲಿಲ್ಲ. ಅದೋನೀಯ ಎದ್ದು ತಾನೇ ಅರಸ ಅಂದ. ಬತ್ಷೆಬೆ, ನಾತಾನ ಇಬ್ಬರೂ ಹಾಸಿಗೆ ಹತ್ತಿರ ಓಡಿ ಬಂದು ಹಳೇ ಮಾತು ನೆನಪಿಸಬೇಕಾಯ್ತು. ಬಾಯಿಮಾತಿನ ಭರವಸೆ ಕೊನೇ ಗಳಿಗೆಯಲ್ಲಿ ಎಷ್ಟು ದುರ್ಬಲ ನೋಡಿ. ದಾವೀದನಿಗೆ ಆಗ ಬುದ್ಧಿ ಸ್ಥಿಮಿತದಲ್ಲಿತ್ತು, ಅದಕ್ಕೇ ಸರಿಹೋಯ್ತು. ಇಲ್ಲದಿದ್ದರೆ?

3. ನಾವು ಮಾಡಬೇಕಾದ ಆರು ಕೆಲಸಗಳು

ಈಗ ಪೆನ್ನು ತೆಗೀರಿ. ನಾನು ವಕೀಲ ಅಲ್ಲ. ದಾಖಲೆ ಬರೆಸುವಾಗ ವಕೀಲರನ್ನು ನೋಡಿ. ಆದರೆ ಇಷ್ಟು ನಮಗೆಲ್ಲ ಗೊತ್ತಿರಬೇಕು.

ಒಂದು: ಒಂದು ಫೈಲ್. ಪಾಸ್‌ಬುಕ್, ಎಫ್‌ಡಿ, ಪಿಂಚಣಿ, ಇನ್ಶೂರೆನ್ಸ್, ಸೈಟು ಜಮೀನಿನ ಪತ್ರ, ಸಾಲ, ತಗೊಳ್ಳೋ ಮಾತ್ರೆಗಳ ಪಟ್ಟಿ, ಡಾಕ್ಟರ್ ಹೆಸರು. ಎಲ್ಲ ಒಂದೇ ಕಡೆ. ಅಮ್ಮನಿಗೂ ಗೊತ್ತಿರಬೇಕು, ಒಡಹುಟ್ಟಿದವರಿಗೂ ಗೊತ್ತಿರಬೇಕು.

ಎರಡು: ಬ್ಯಾಂಕ್ ಖಾತೆ. ತಂದೆತಾಯಿ ಇಬ್ಬರ ಹೆಸರಲ್ಲಿ "ಐದರ್ ಆರ್ ಸರ್ವೈವರ್" ಅಂತ ಜಂಟಿ ಖಾತೆ ಮಾಡಿಸಿದರೆ ಇಬ್ಬರಲ್ಲಿ ಯಾರಾದರೂ ಹಣ ತೆಗೀಬಹುದು. ಮಕ್ಕಳಲ್ಲಿ ಒಬ್ಬರ ಹೆಸರು ಸೇರಿಸೋದಾದರೆ ಉಳಿದವರಿಗೆ ಮೊದಲೇ ಹೇಳಿ. ಗುಟ್ಟಾಗಿ ಮಾಡಿದರೆ ಇಸಾಕನ ಮನೆ ಆಗುತ್ತೆ. ಇನ್ನೊಂದು, ನಾನು ತಡವಾಗಿ ಕಲಿತದ್ದು: ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟು ತಗೊಂಡು ಹಣ ಕೊಡೋಕೆ ರಿಸರ್ವ್ ಬ್ಯಾಂಕ್ ನಿಯಮ ಇದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ. ಅವತ್ತು ಆ ಕೌಂಟರ್‌ನಲ್ಲಿ ನನಗೆ ಯಾರೂ ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳಿ.

ನಾಮಿನಿ ಬಗ್ಗೆಯೂ ತಿಳ್ಕೊಳ್ಳಿ. ಬ್ಯಾಂಕ್ ಠೇವಣಿಗೆ ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕ್ ಅವನ ಕೈಗೆ ಹಣ ಕೊಡುತ್ತೆ, ಅವನು ಅದನ್ನು ಕಾನೂನಿನ ವಾರಸುದಾರರಿಗೆ ತಲುಪಿಸಬೇಕು. "ನಾಮಿನಿ ನಾನೇ, ಹಣ ನನ್ನದೇ" ಅಂತ ಜಗಳ ಮಾಡೋ ವಿಶ್ವಾಸಿಗಳ ಮನೆಗಳನ್ನು ನಾನು ನೋಡಿದ್ದೀನಿ.

ಮೂರು: ಪವರ್ ಆಫ್ ಅಟಾರ್ನಿ. ಅಪ್ಪನಿಗೆ ಓಡಾಡೋಕೆ ಆಗಲ್ಲ, ಆದರೆ ಬುದ್ಧಿ ಚುರುಕಾಗಿದೆ. ಆಗ ಇದು ಒಳ್ಳೆಯದು. ಆದರೆ ತುಂಬಾ ಜನ ಮಾಡೋ ತಪ್ಪು ತಿಳುವಳಿಕೆ ಏನು ಅಂದರೆ, ಜಿಪಿಎ ಇದ್ದರೆ ಮುಂದೆ ಮರೆವಿನ ಕಾಯಿಲೆ ಬಂದರೂ ನಡೆಯುತ್ತೆ ಅನ್ನೋದು. ಇಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಕೊಟ್ಟವರ ಮನಸ್ಸಿನ ಸ್ಥಿಮಿತ ಹೋದರೆ ಆ ಅಧಿಕಾರವೂ ಮುಗೀತು. ಡಿಮೆನ್ಷಿಯಾ ಬಂದ ಮೇಲೆ ಆಸ್ತಿ ವಿಷಯಕ್ಕೆ ಕುಟುಂಬದವರು ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತೆ. ಆದ್ದರಿಂದ ಜಂಟಿ ಖಾತೆ, ವಿಲ್, ಎಲ್ಲವನ್ನೂ ನೆನಪು ಗಟ್ಟಿಯಾಗಿರುವಾಗಲೇ ಮಾಡಬೇಕು.

ನಾಲ್ಕು: ವಿಲ್. ಕ್ರೈಸ್ತರಾದ ನಮಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಸ್ಟಾಂಪ್ ಪೇಪರ್ ಬೇಕಾಗಿಲ್ಲ. ನೋಂದಣಿ ಕಡ್ಡಾಯ ಅಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿದರೆ ಮುಂದೆ ಜಗಳ ಕಡಿಮೆ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಅದರಲ್ಲಿ ಏನಾದರೂ ಬರೆದಿದ್ದರೆ ಆ ಪಾಲು ಸಿಗೋದಿಲ್ಲ. ಇನ್ನೊಂದು, ವಿಲ್ ಬರೆದ ಮೇಲೆ ಮದುವೆಯಾದರೆ ಹಳೇ ವಿಲ್ ರದ್ದು. ಮದುವೆ ನಂತರ ಹೊಸದು ಬರೀಬೇಕು.

ಈಗ ನಿಮ್ಮ ಬಗ್ಗೆ ಹೇಳ್ತೀನಿ, ಗಮನ ಕೊಡಿ. ವಿಲ್ ವಯಸ್ಸಾದವರಿಗೆ ಮಾತ್ರ ಅಂದ್ಕೊಂಡಿದ್ದೀರಿ. ನಮ್ಮ ಕಾನೂನಿನಲ್ಲಿ ಮದುವೆಯಾದ, ಮಕ್ಕಳಿರುವ ಒಬ್ಬ ಸಹೋದರ ವಿಲ್ ಇಲ್ಲದೆ ಕರ್ತನ ಬಳಿಗೆ ಹೋದರೆ, ಹೆಂಡತಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಮೂರನೇ ಎರಡು ಭಾಗ. ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಅವನನ್ನೇ ನಂಬಿಕೊಂಡಿದ್ದ ತಂದೆತಾಯಿಗೆ? ಏನೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡ ಮಗನ ಆಸ್ತಿಯಲ್ಲಿ ತಾಯಿಗೆ ಮೊದಲ ದರ್ಜೆಯ ಹಕ್ಕಿದೆ, ನಮ್ಮದರಲ್ಲಿ ಇಲ್ಲ. ಮದುವೆಯಾಗದ ಮಗ ತೀರಿಕೊಂಡು ತಂದೆ ಬದುಕಿದ್ದರೆ ಎಲ್ಲ ತಂದೆಗೇ, ತಾಯಿಗೆ ಪಾಲಿಲ್ಲ. ನಿಮ್ಮ ಸಂಬಳದಲ್ಲೇ ತಾಯಿಯ ಮನೆ ನಡೀತಿದ್ದರೆ ನೀವು 28 ವರ್ಷದವರಾದರೂ ವಿಲ್ ಬರೀಬೇಕು. ನಾನು ಇದನ್ನು ಓದಿದ ವಾರವೇ ಹೆಂಡತಿ ಜೊತೆ ಕೂತು ಬರೆದೆ. ಇತರ ಹಿನ್ನೆಲೆಯಿಂದ ವಿಶ್ವಾಸಕ್ಕೆ ಬಂದವರೇ, ಊರಿನ ಪಿತ್ರಾರ್ಜಿತ ಆಸ್ತಿ ಇದ್ದರೆ ನಿಮ್ಮ ವಿಷಯ ಬೇರೆ ಇರಬಹುದು. ಖಂಡಿತ ವಕೀಲರನ್ನು ಕೇಳಿ.

ಐದು: ದಾನಪತ್ರದಲ್ಲಿ ಎಚ್ಚರ. ವಿಲ್ ಮರಣದ ನಂತರ ಜಾರಿಗೆ ಬರುತ್ತೆ, ಬದುಕಿರುವಾಗ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಗಿಫ್ಟ್ ಡೀಡ್ ಹಾಗಲ್ಲ, ನೋಂದಣಿ ಆದ ಮೇಲೆ ಮನೆ ಕೈಬಿಟ್ಟಂತೆ. "ಈಗಲೇ ಬರೆದುಕೊಡಿ ಅಪ್ಪಾ, ನಾನು ನೋಡ್ಕೋತೀನಿ" ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ಕೊಡಲೇಬೇಕು ಅಂತಿದ್ದರೆ, ಕೊನೆವರೆಗೆ ಅವರ ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು ಅನ್ನೋ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತನ್ನು ಮುರಿದರೆ ಬರೆದುಕೊಟ್ಟದ್ದನ್ನು ರದ್ದು ಮಾಡಿಸಬಹುದು. ಷರತ್ತು ಇತ್ತು ಅನ್ನೋದು ಕಾಣಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಒಬ್ಬ ತಾಯಿಯ ಪ್ರಕರಣದಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ ದಾನಪತ್ರ ರದ್ದು ಮಾಡಿದೆ. ಅದೇ ಕಾಯ್ದೆಯಲ್ಲಿ ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಹೋಗೋದು ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರ ಮುಂದೆ. ತೊಂದರೆಯಲ್ಲಿರುವ ಹಿರಿಯರಿಗೆ 14567 ಅನ್ನೋ ಉಚಿತ ಸಹಾಯವಾಣಿ ಇದೆ. ಈ ನಂಬರ್ ಬರ್ಕೊಳ್ಳಿ, ನಿಮ್ಮ ಬೀದಿಯ ಅಜ್ಜಿಗೂ ಹೇಳಿ.

ಆರು: ಹಣ. ಆರೋಗ್ಯ ವಿಮೆಯನ್ನು ಬೇಗ ತಗೊಳ್ಳಿ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನೋ ಮಿತಿ 2024ರ ಏಪ್ರಿಲ್‌ನಿಂದ ಹೋಗಿದೆ. ಆದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಮಾಡಬೇಡಿ, ಅದು ಸುಳ್ಳು, ಕ್ಲೇಮ್ ಕೂಡ ಹೋಗುತ್ತೆ. 70 ತುಂಬಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದೆ. ನಿಮ್ಮ ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅಂತ ಮೊದಲೇ ವಿಚಾರಿಸಿ. ನಿವೃತ್ತಿ ಹಣ ಬಂದಿದ್ದರೆ ಚೀಟಿಗೆ ಹಾಕಿ ಕಳ್ಕೋಬೇಡಿ. 60 ದಾಟಿದವರಿಗೆ ಪೋಸ್ಟ್ ಆಫೀಸ್ ಮತ್ತು ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತೆ.

ಇನ್ನು ಆರೈಕೆಯ ಹಣ. ಇದು ಬೇರೆ ಡಬ್ಬಿ. ಲೂಕ 14ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಲೆಕ್ಕ ಹಾಕ್ತಾನಲ್ಲ, ಹಾಗೆ ಹಾಕೋಣ. ಅಟೆಂಡರ್‌ಗೆ ತಿಂಗಳಿಗೆ 20,000 ಅಂತ ಇಟ್ಕೊಳ್ಳಿ. ಎರಡು ವರ್ಷಕ್ಕೆ 4,80,000. ಒಬ್ಬನೇ ಮಗ ತಿಂಗಳಿಗೆ 5,000 ಇಟ್ಟರೆ ಬಡ್ಡಿ ಬಿಟ್ಟು 96 ತಿಂಗಳು, ಅಂದರೆ ಎಂಟು ವರ್ಷ ಬೇಕು. ಮೂವರು ಒಡಹುಟ್ಟಿದವರು ತಲಾ 5,000 ಇಟ್ಟರೆ 32 ತಿಂಗಳು ಸಾಕು. ಅದಕ್ಕೇ ಹೇಳೋದು, ಈಗಲೇ ಶುರು ಮಾಡಿ, ಒಟ್ಟಾಗಿ ಮಾಡಿ. ಹಣ ಕೊಡಲಾಗದ ತಂಗಿ ಸಮಯ ಕೊಡ್ತಾ ಇದ್ದರೆ ಅದೂ ಪಾಲೇ. ಮನೆಯಲ್ಲಿ ಹಾಸಿಗೆ ಬಟ್ಟೆ ಬದಲಿಸೋ ಅತ್ತಿಗೆಯ ಕೆಲಸಕ್ಕೆ ಬೆಲೆ ಕಟ್ಟದೆ, ಅಮೇರಿಕಾದಿಂದ ಹಣ ಕಳಿಸೋ ಅಣ್ಣನಿಗೆ ಮಾತ್ರ ಹೊಗಳಿಕೆ ಕೊಡಬೇಡಿ.

4. ಮೂರು ಪ್ರಶ್ನೆಗಳು

"ಪಾಸ್ಟರ್, ಇನ್ಶೂರೆನ್ಸ್, ವಿಲ್, ಇದೆಲ್ಲ ಅವಿಶ್ವಾಸ ಅಲ್ವಾ?" ದೇವರು ಐಗುಪ್ತದ ಬರವನ್ನು ಯೋಸೇಫನಿಗೆ ಮೊದಲೇ ತಿಳಿಸಿದಾಗ ಅವನು ಪ್ರಾರ್ಥನೆ ಮಾತ್ರ ಮಾಡುತ್ತಾ ಕೂರಲಿಲ್ಲ, ಏಳು ವರ್ಷ ಕಣಜ ತುಂಬಿಸಿದ. ಅದೇ ಕಣಜದಿಂದ ಮುದಿ ತಂದೆ ಯಾಕೋಬನನ್ನು ಸಾಕಿದ. ನಾನು ದೈವಿಕ ಸ್ವಸ್ಥತೆಯನ್ನು ನಂಬ್ತೀನಿ. ಅಪ್ಪನ ತಲೆ ಮೇಲೆ ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದೀನಿ, ದೇವರು ಕೇಳಿದ್ದಾನೆ. ಆದರೆ ಸ್ವಸ್ಥತೆ ಹಂತ ಹಂತವಾಗಿ ಬಂತು. ಆ 11 ತಿಂಗಳೂ ಯಾರೋ ಅವರನ್ನು ಎತ್ತಬೇಕಿತ್ತು.

"ಸಾವಿನ ಮಾತು ಆಡಿದರೆ ಕೆಟ್ಟದಾಗುತ್ತೆ ಅಂತ ಅಮ್ಮ ಬೈತಾರೆ." ಹಾಗಿದ್ದರೆ ಸಾವಿನಿಂದ ಶುರು ಮಾಡಬೇಡಿ. ನಾನು ಹೀಗೆ ಶುರು ಮಾಡಿದೆ: "ಅಪ್ಪಾ, ನಂಗೇನಾದ್ರೂ ಆದ್ರೆ ಅಂತ ನಾನು ಒಂದು ವಿಲ್ ಬರೆದಿದ್ದೀನಿ, ಒಂದ್ಸಲ ನೋಡ್ತೀರಾ?" ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎಡಗೈಯಿಂದ ಬೀರು ತೋರಿಸಿದರು. ಅವತ್ತೇ ಫೈಲ್ ಶುರುವಾಯ್ತು. ಯೋಹಾನ 21ರಲ್ಲಿ ಕರ್ತನೇ ಪೇತ್ರನಿಗೆ ಮುಪ್ಪಿನ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ: ವಯಸ್ಸಾದಾಗ ನೀನು ಕೈ ಚಾಚುವಿ, ಬೇರೆಯವರು ನಿನ್ನ ನಡು ಕಟ್ಟುವರು ಅಂತ. ಪೇತ್ರ ಯಾವ ಮರಣದಿಂದ ದೇವರನ್ನು ಮಹಿಮೆಪಡಿಸುವನು ಅನ್ನೋದು ಅದರ ಅರ್ಥ ಅಂತ ಯೋಹಾನನೇ ಬರೀತಾನೆ. ಇನ್ನೊಬ್ಬರ ಕೈಗೆ ಬೀಳೋದು ಅವಮಾನ ಅಲ್ಲ, ಅಲ್ಲೂ ದೇವರಿಗೆ ಮಹಿಮೆ ಇದೆ.

"ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡೋದು ಪಾಪನಾ?" ನಮ್ಮ ಜೀವ ದೇವರ ಕೈಯಲ್ಲಿದೆ, ಅದನ್ನು ತೆಗೆಯೋ ಹಕ್ಕು ನಮಗಿಲ್ಲ. ಆದರೆ ಗುಣವಾಗೋ ಆಸೆಯೇ ಇಲ್ಲದಾಗ ಯಂತ್ರದಿಂದ ಮರಣವನ್ನು ಎಳೆಯೋದು ಬೇಡ ಅನ್ನೋದು ಆತ್ಮಹತ್ಯೆ ಅಲ್ಲ ಅಂತ ನಾನು ತಿಳ್ಕೊಂಡಿದ್ದೀನಿ. ಇಂಥ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮ್ಮ ಪರವಾಗಿ ಯಾರು ತೀರ್ಮಾನ ಮಾಡಬೇಕು ಅನ್ನೋದನ್ನೂ ಅದರಲ್ಲಿ ಬರೀಬಹುದು. ಪ್ರಾರ್ಥನೆ ಮಾಡಿ, ಮನೆಯವರ ಜೊತೆ ಮಾತಾಡಿ ತೀರ್ಮಾನಿಸಿ.

5. ಸಭೆಯ ಪಾಲು

ಪೌಲನು ಇನ್ನೊಂದು ಮಾತು ಹೇಳ್ತಾನೆ. ಮಕ್ಕಳಿರೋರು ತಮ್ಮವರನ್ನು ನೋಡಿಕೊಂಡರೆ, ಯಾರೂ ಇಲ್ಲದ ವಿಧವೆಯರಿಗೆ ಸಭೆ ಸಹಾಯ ಮಾಡಬಹುದು. ನಮ್ಮ ಸಭೆಯಲ್ಲೂ ಒಂಟಿಯಾಗಿರುವ ತಾಯಂದಿರು ಇದ್ದಾರೆ. ಪ್ರತಿ ಸೆಲ್ ಗ್ರೂಪ್ ಒಬ್ಬರನ್ನು ತಗೊಳ್ಳಲಿ. ವಾರಕ್ಕೊಮ್ಮೆ ಹೋಗಿ, ಮಾತ್ರೆ ತಂದುಕೊಡಿ, ಬ್ಯಾಂಕಿಗೆ ಕರ್ಕೊಂಡು ಹೋಗಿ. ಒಂದು ಎಚ್ಚರಿಕೆ, ಇದು ನನಗೂ ಸೇರಿ ಎಲ್ಲ ಸೇವಕರಿಗೆ: ಹಾಸಿಗೆ ಹಿಡಿದ ವಿಶ್ವಾಸಿಯ ಹತ್ತಿರ ಆಸ್ತಿ ಬರೆಸಿಕೊಳ್ಳೋಕೆ ಯಾವ ಪಾಸ್ಟರೂ ಹೋಗಬಾರದು. ಯಾರಾದರೂ ಸಭೆಗೆ ಕೊಡಬೇಕು ಅಂತಿದ್ದರೆ ಆರೋಗ್ಯವಾಗಿರುವಾಗ, ಮಕ್ಕಳಿಗೆ ತಿಳಿಸಿ, ವಕೀಲರ ಮುಂದೆ ಮಾಡಲಿ. ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಕರ್ತನು ಏನು ಹೇಳಿದ್ದಾನೆ ಅಂತ ಮಾರ್ಕ 12ರಲ್ಲಿ ಓದಿ.

ಈ ವಾರದ ಕೆಲಸ

1. ಭಾನುವಾರದೊಳಗೆ ತಂದೆತಾಯಿಗೆ ಫೋನ್ ಮಾಡಿ, ಅಥವಾ ಊರಿಗೆ ಹೋಗಿ. ಮೊದಲು ಅವರ ಆರೋಗ್ಯ ಕೇಳಿ, ಆಮೇಲೆ ಪೇಪರ್ ಕೇಳಿ.
2. ಫೈಲ್ ಶುರು ಮಾಡಿ.
3. ಒಡಹುಟ್ಟಿದವರ ಜೊತೆ ಒಂದು ಗಂಟೆ ಕೂತು, ಯಾರು ಏನು ಮಾಡ್ತೀರಿ ಅಂತ ಬರೆದಿಡಿ.
4. ನಿಮ್ಮ ವಿಲ್‌ನ ಮೊದಲ ಕರಡು ಬರೀರಿ.
5. ತಂದೆತಾಯಿ ಜೊತೆ ಮಾತು ಬಿಟ್ಟವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ನಿಮಗೆ ಫೈಲ್ ಬೇಡ. ಮೊದಲು ಕ್ಷಮೆ ಕೇಳಿ, ಅಥವಾ ಕ್ಷಮಿಸಿ.

ಎಲ್ಲರೂ ತಲೆ ಬಾಗಿಸೋಣ.

ಪರಲೋಕದ ತಂದೆಯೇ, ನಮ್ಮನ್ನು ಹೊತ್ತು ತಿರುಗಿದ ಕೈಗಳು ಇವತ್ತು ನಡುಗುತ್ತಿವೆ. ಭಕ್ತಿಯ ಹೆಸರಲ್ಲಿ ನಾವು ಅವರಿಂದ ತಪ್ಪಿಸಿಕೊಂಡದ್ದನ್ನು ಕ್ಷಮಿಸು. ಶಿಲುಬೆಯ ಮೇಲೂ ತಾಯಿಯನ್ನು ಮರೆಯದ ನಿನ್ನ ಮಗನ ಮನಸ್ಸನ್ನು ನಮಗೆ ಕೊಡು. ಲೆಕ್ಕ ಹಾಕಲು ಬುದ್ಧಿ ಕೊಡು, ಹಂಚಿಕೊಳ್ಳಲು ಪ್ರೀತಿ ಕೊಡು, ಆರೈಕೆ ಮಾಡ್ತಾ ಸುಸ್ತಾದವರಿಗೆ ಬಲ ಕೊಡು. ಮಕ್ಕಳಿಲ್ಲದ ಹಿರಿಯರಿಗೆ ನಾವೇ ಮಕ್ಕಳಾಗುವಂತೆ ಮಾಡು. ಯೇಸುವಿನ ಅಮೂಲ್ಯ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್.